ಬಂಡೆಯ ಮೇಲಿನ ಹೊಸಬಳು

ಕಿಟಕಿಯಾಚೆ ಮಾಲೇಕಲ್ಲು ಬೆಟ್ಟ ಹಿಂದಕ್ಕೆ ಸರಿಯುತ್ತಿದೆ, ಸರಿಯುತ್ತಿರುವುದು ಬೆಟ್ಟವಲ್ಲ ಬಸ್ಸು ಎಂದು ಸಿರಿಗೆ ಗೊತ್ತು, ಆದರೂ ಬೆಟ್ಟವೇ ಮುಖ ತಿರುಗಿಸಿಕೊಂಡು ಹೋದಂತೆ — ಗೈಡ್ಸ್ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿ ಹಾಡುತ್ತಿದ್ದಾರೆ, ಅವಳ ಬಾಯಿಯೂ ಆಡುತ್ತಿದೆ, ಪಕ್ಕದ ಸೀಟಿನಲ್ಲಿ ತನ್ನ ಬ್ಯಾಗು ಇಟ್ಟಿದ್ದಾಳೆ, ಖಾಲಿ ಎಂದು ಕಾಣಬಾರದಲ್ಲ. ಎಲ್ಲರೂ ಬಂದ್ರೇನಮ್ಮ ಸಿರಿ, ಬೆಟ್ಟದ ಮೆಟ್ಟಿಲ ಬುಡದಲ್ಲಿ ವೇದವಲ್ಲಿ ಮಿಸ್ ಕೇಳಿದ್ದರು, ಹ್ಞೂ ಮಿಸ್, ನಮ್ಮ ತಂಡ ಪೂರ್ತಿ, ಲೀಡರ್ ಹೇಳಿದ ಮೇಲೆ ಮತ್ತೆ ಯಾರು ಎಣಿಸುತ್ತಾರೆ. ಎಂಟು ದಿನದ ಹಿಂದಷ್ಟೇ ತಂಡಕ್ಕೆ ಸೇರಿದ ಕೋಮಲ ಬೆಟ್ಟದ ಮೇಲಿನ ದೇವಸ್ಥಾನದ ಹಿಂದಿನ ಬಂಡೆಯ ತುದಿಯಲ್ಲಿ ನಿಂತಿದ್ದಾಳೆ, ನಿಲ್ಲಿಸಿದ್ದು ಸಿರಿಯೇ, ಮೂರು ಸಲ ವಿಸಲ್ ಕೇಳೋವರ್ಗೂ ಅಲ್ಲಾಡಂಗಿಲ್ಲ ಕಣೇ, ಆಮೇಲೇ ನೀನು ನಮ್ಮೋಳು, ಹ್ಞೂ ಅಕ್ಕ. ಅಷ್ಟರಲ್ಲಿ ಮೋಡ ಕವಿಯಿತು, ಮಿಸ್ ಎಲ್ಲರನ್ನೂ ಅವಸರವಾಗಿ ಇಳಿಸಿದರು, ಅವರೆದುರು ವಿಸಲ್ ಊದಿದರೆ ಈ ಪರೀಕ್ಷೆಯೆಲ್ಲ ಬಯಲಾಗುತ್ತದೆ, ಗುಡುಗಿಗೆ ಹೆದರಿ ಕೋಮಲ ತಾನಾಗಿಯೇ ಓಡಿ ಬರುತ್ತಾಳೆ ಅಂದುಕೊಂಡಳು ಸಿರಿ, ಬರಲಿಲ್ಲ, ಬಸ್ಸು ಹೊರಟಿತು. ಹೋದ ವರ್ಷ ತಾನೂ ನಿಂತಿರಲಿಲ್ಲವೇ, ಸ್ಕೂಲಿನ ನೀರಿನ ಟ್ಯಾಂಕಿನ ಮೇಲೆ, ಆಗಿನ ಲೀಡರ್ ಕಾವ್ಯಶ್ರೀ ಅಕ್ಕ ನಿಲ್ಲಿಸಿದ್ದಳು, ಸಿರಿ ಅತ್ತಿದ್ದಳು, ಇಳಿದ ಮೇಲೆ ಎಲ್ಲರೂ ತಬ್ಬಿಕೊಂಡರು, ಊಟಕ್ಕೆ ಯಾರೂ ಕರೆಯದಿದ್ದವಳಿಗೆ ಮಾರನೆಯ ದಿನದಿಂದ ಜಾಗ ಹಿಡಿದಿಡತೊಡಗಿದರು — ಆ ಜಾಗಕ್ಕಾಗಿ ಇನ್ನೂ ಎತ್ತರಕ್ಕೆ ಬೇಕಾದರೂ ಹತ್ತುತ್ತಿದ್ದಳು, ಕೋಮಲಳೂ ಹಾಗೆಯೇ, ಗುಡುಗಿದರೂ ಇಳಿಯುವುದಿಲ್ಲ, ಕಾಲಡಿಯ ಕಲ್ಲು ನೆನೆದು ಜಾರಿದರೂ ಇಳಿಯುವುದಿಲ್ಲ, ಗಾಜಿನ ಮೇಲೆ ಮೊದಲ ಹನಿ ಬಿತ್ತು. ಮಿಸ್, ಬಸ್ ನಿಲ್ಲಿಸ್ರೀ, ಕೋಮಲ ಬಂಡೆ ಮೇಲೇ ಅವ್ಳೆ, ಸಿರಿ ಕೂಗಿದಳು. ಹಾಡು ನಿಂತಿತು. ಹೇಳ್ಬಿಟ್ಳಲ್ಲೇ ಇವ್ಳು, ಹಿಂದಿನ ಸೀಟಿನಿಂದ ಒಂದು ದನಿ.

ಬಸ್ಸು ಬುಡಕ್ಕೆ ಮರಳಿದೆ, ಮೂರು ವಿಸಲಿನ ವಿಷಯವನ್ನೂ ಸಿರಿ ಹೇಳಿಯಾಗಿದೆ, ಮೆಟ್ಟಿಲ ಮೇಲೆ ನೀರು ಹರಿಯುತ್ತಿದೆ, ಮಿಸ್ ಏದುಸಿರು ಬಿಡುತ್ತಾ ಹತ್ತುತ್ತಿದ್ದಾರೆ, ಹಿಂದೆ ಸಿರಿ, ಬೈಯುತ್ತಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ಬಂಡೆ ಖಾಲಿ ಇದ್ದರೆ, ಕೋಮಲಳ ಅಮ್ಮನಿಗೆ ಏನು ಹೇಳುವುದು — ಇದ್ದಾಳೆ. ಅವರಿಗೆ ಬೆನ್ನು ಮಾಡಿ, ಕಾಲ್ಬೆರಳು ಅಂಚಿಗೆ ತಾಗಿಸಿ, ನೆಟ್ಟ ಕಂಬದ ಹಾಗೆ ಇದ್ದಾಳೆ. ಕೂಗಿದರೆ ಬೆಚ್ಚುತ್ತಾಳೆ, ಕೂಗದಿದ್ದರೆ ತಿರುಗುವುದಿಲ್ಲ. ಮೆಲ್ಲಗೆ ಊದೇ, ಎಂದು ಪಿಸುಗುಟ್ಟಿ ಮಿಸ್ ಕಲ್ಲಿಗೆ ಕೈಯೂರಿ ಮುಂದೆ ಸರಿದರು, ಸಿರಿ ವಿಸಲ್ ತುಟಿಗಿಟ್ಟಳು, ಒಂದು, ಎರಡು, ಉಸಿರೇ ಸಾಲದು, ಮೂರು — ಕೋಮಲ ತಿರುಗಿದಳು, ಒಂದು ಕಾಲು ಜಾರಿತು, ಮಿಸ್ ತೋಳು ಹಿಡಿದು ಒಳಕ್ಕೆ ಎಳೆದುಕೊಂಡರು, ಇಬ್ಬರೂ ಕಲ್ಲಿನ ಮೇಲೆ ಬಿದ್ದರು. ಬದುಕಿದ್ದಾಳೆ, ನಡುಗುತ್ತಿದ್ದಾಳೆ, ನಗುತ್ತಿದ್ದಾಳೆ. ನಾನು ಒಂಚೂರೂ ಅಲ್ಲಾಡ್ಲಿಲ್ಲ ಅಕ್ಕ, ಈಗ ನಾನೂ ನಿಮ್ಮೋಳು ತಾನೇ? ಮುಂದಿನ ಸಲಿ ಹೊಸಬ್ರು ಬಂದ್ರೆ ನಾನೇ ನಿಲ್ಲಿಸ್ತೀನಿ ಅಕ್ಕ, ಇನ್ನೂ ತುದೀಲಿ. ಮಿಸ್ ಅವಳನ್ನು ಎದೆಗೆ ಒತ್ತಿಕೊಂಡು ಅಳುತ್ತಿದ್ದಾರೆ, ಅವರ ಭುಜದ ಮೇಲಿಂದ ಕೋಮಲಳ ಕೈ ಹೊರಗೆ ಬಂದಿದೆ, ಸಿರಿಯ ಕಡೆಗೆ, ಗೈಡ್ಸ್ ಸೆಲ್ಯೂಟ್, ಚಳಿಗೆ ನೀಲಿಗಟ್ಟಿದ ಮೂರು ಬೆರಳು, ಸಿರಿ ಕೈ ಇಳಿಸೇ ಎಂದರೂ ಇಳಿಸಳು, ಮೂರು ಬೆರಳು, ನೆಟ್ಟಗೆ, ಮೂರು ಬೆರಳು.