ನಾಲ್ಕು ನಂಬರಲ್ಲಿ ಸುಬ್ಬಪ್ಪ ಯಾರು

ಈ ವೆಂಕಟಯ್ಯನಿಗೆ ಅರಳುಮರಳು ಅಂತ ವಾಟ್ಸಾಪ್ ಗ್ರೂಪಿನಲ್ಲಿ ಬರೆದವರು ಯಾರು ಮಾರಾಯ? ಮೂವತ್ತೊಂದು ವರ್ಷ ಕೊಪ್ಪ–ನಾರ್ವೆ ಬಸ್ಸಿಗೆ ಕಂಡಕ್ಟರ್ ಆಗಿದ್ದೋನು ನಾನು. ಯಾರ್ಯಾರು ಟಿಕೆಟ್ ತಗೊಳ್ದೆ ಎಲ್ಲಿ ಇಳಿದ್ರಿ ಅಂತ ಇವತ್ತಿಗೂ ಹೇಳ್ತೀನಿ. ಸುಮ್ನೆ ಕೇಳಿ.

ನಾರ್ವೆಯ ಸುಬ್ಬಪ್ಪ ಕೊನೆಗಾರ. ಮಳೆಗಾಲದಲ್ಲಿ ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಔಷಧಿ ಹೊಡೆಯೋನು. ತಾಮ್ರ ಇರೋ ಮೈಲುತುತ್ತ, ಸುಣ್ಣ ಕಲಸಿದ ನೀಲಿ ನೀರು. ಮೂವತ್ತು ಮಳೆಗಾಲ ಅದನ್ನೇ ಉಸಿರಾಡಿದ. ಮುಖಕ್ಕೊಂದು ಬಟ್ಟೆ ಕಟ್ಕೊಳೋ ಅಂದ್ರೆ, "ಬಟ್ಟೆ ಕಟ್ಟಿದ್ರೆ ಎಲೆಅಡಿಕೆ ಉಗುಳೋದೆಲ್ಲಿ ಮಾರಾಯ" ಅಂತಿದ್ದ. ಆಮೇಲೆ ದಮ್ಮು ಹಿಡೀತು. ಊರೋರೆಲ್ಲ ಬೀಡಿ ಅಂದ್ರು. ಸೇದ್ತಿದ್ದ, ಇಲ್ಲ ಅನ್ನಲ್ಲ.

ದೊಡ್ಡಾಸ್ಪತ್ರೆಯಲ್ಲಿ ಅವನ ಶ್ವಾಸಕೋಶದ ಒಂದು ಚೂರು ತೆಗೆದ್ರು. ಆ ಚೂರು ಬೇಕು ಅಂದಿದ್ದು ಮುತ್ತಿನಕೊಪ್ಪದ ಗಾನವಿ, ಸಂಶೋಧನೆ ಮಾಡೋ ಹುಡುಗಿ. ಉತ್ತರದ ಕಡೆ ಗದ್ದೆಯಷ್ಟು ಅಗಲದ ಉಂಗುರದಂಥ ಮಿಷಿನ್ ಇದೆಯಂತೆ. ಅದರಿಂದ ಕೂದಲಿಗಿಂತ ಸಣ್ಣ ಎಕ್ಸ್‌ರೇ ಕಿರಣ ಬಿಟ್ರೆ, ಚೂರಿನೊಳಗೆ ತಾಮ್ರ ಎಲ್ಲೆಲ್ಲಿ ಕೂತಿದೆ ಅಂತ ಚುಕ್ಕಿ ಚುಕ್ಕಿಯಾಗಿ ಕಾಣುತ್ತಂತೆ. ವರ್ಷಕ್ಕೆ ಎರಡೇ ದಿನ ಅವಳ ಸರದಿ.

ಒಪ್ಪಿಗೆ ಪತ್ರ ಓದಿ ಹೇಳಿದ್ದು ನಾನು. "ಹೆಸರು ಎಲ್ಲೂ ಬರಲ್ಲ, ಬರೀ ನಂಬರ್" ಅಂದೆ.

"ಒಳ್ಳೇದೇ ಆಯ್ತು. ತೋಟದೋರಿಗೆ ಗೊತ್ತಾದ್ರೆ ಬರೋ ವರ್ಷ ಕೆಲಸಕ್ಕೆ ಕರೆಯಲ್ಲ" ಅಂದ. ಮೂಗಿಗೆ ಆಕ್ಸಿಜನ್ ಹಾಕ್ಕೊಂಡು ಬರೋ ವರ್ಷದ ಮಾತು.

ಹಾಕು ಸಹಿ ಅಂದೆ. ಹಾಕಿದ. ದೀಪಾವಳಿಗೆ ಮುಂಚೆ ಹೋಗ್ಬಿಟ್ಟ.

ಹೆಂಡತಿ ಪುಟ್ಟಕ್ಕನಿಗೆ ಒಂದೇ ಹಟ. ಗಂಡನ ಜೀವ ತೆಗೆದಿದ್ದು ಬೀಡಿಯಲ್ಲ, ಕೆಲಸ ಅಂತ ಊರಿಗೆ ತೋರಿಸಬೇಕು. ಮೊನ್ನೆ ಗಾನವಿ ಬಂದು ಫೋನಲ್ಲಿ ನಾಲ್ಕು ಚಿತ್ರ ತೋರಿಸಿದ್ಲು, ನಾಲ್ಕು ಜನ ಕೊನೆಗಾರರದ್ದು. ಮೂರರಲ್ಲಿ ತಾಮ್ರ, ಸಾಸಿವೆ ಚೆಲ್ಲಿದ ಹಾಗೆ. ನಾಲ್ಕನೇದರಲ್ಲಿ ಒಂದು ಚುಕ್ಕಿಯೂ ಇಲ್ಲ.

"ಇದ್ರಲ್ಲಿ ನಮ್ಮೋರದ್ದು ಯಾವ್ದು ಮಗ?" ಅಂದ್ಲು ಪುಟ್ಟಕ್ಕ.

"ನಂಗೂ ಗೊತ್ತಿಲ್ಲ ಅಮ್ಮ. ನಂಬರ್ ಹಾಕಿದ ಡಬ್ಬಿ ಅಷ್ಟೇ ನಂಗೆ ಕೊಟ್ಟಿದ್ದು."

ಊರಿಗೆ ಅಷ್ಟು ಸಾಕಾಯ್ತು. ಅಂಗಡಿ ಕಟ್ಟೆ ಮೇಲೆ ಕೂತ ಲಕ್ಷ್ಮೀಶ, "ಹಾಗಾದ್ರೆ ನಾಲ್ಕನೇದು ಸುಬ್ಬಪ್ಪಂದೇ ಬಿಡಿ" ಅಂತ ನಕ್ಕ. ಪುಟ್ಟಕ್ಕ ಅಲ್ಲೇ ಸಕ್ಕರೆ ಕಟ್ಟಿಸ್ಕೊಳ್ತಿದ್ಲು. ಪೊಟ್ಟಣ ಅಲ್ಲೇ ಬಿಟ್ಟು ನಡೆದ್ಲು.

ಆಸ್ಪತ್ರೆಗೆ ಹೋಗಿ ಅಲ್ಲಿನ ಗುಮಾಸ್ತನ್ನ ಕೇಳಿದೆ. ಹೆಸರಿನ ಪಟ್ಟಿ ಇದೆಯಂತೆ, ಆದ್ರೆ ಸಹಿ ಹಾಕಿದೋರೇ ಬಂದು ಕೇಳ್ಬೇಕಂತೆ.

"ಅವನು ಸತ್ತು ವರ್ಷ ಆಯ್ತಲ್ಲ ಸ್ವಾಮಿ."

"ರೂಲ್ಸ್ ಹಾಗಿದೆ ಅಜ್ಜ. ಉಳಿದ ಮೂವರು ಚಿಕಿತ್ಸೆಗೆ ಬರ್ತಾ ಇದ್ದಾರೆ. ಅವ್ರಾದ್ರೆ ತಮ್ಮದು ಕೇಳ್ಬಹುದು."

ಸಹಿ ಹಾಕಿಸಿದ ಬಾಯಿ ನಂದೇ, ಯಾರನ್ನ ಬೈಲಿ?

ಆ ಮೂವರೇ, ಯಾರಾದ್ರೂ ಆಗಿರಿ, ಹೋಗಿ ನಿಮ್ಮ ನಿಮ್ಮ ನಂಬರ್ ಕೇಳಿ, ನಂಗೆ ತಿಳಿಸಿ. ಮೂರು ಗೊತ್ತಾದ್ರೆ ಉಳಿದಿದ್ದು ಅವನದ್ದು. ನಾಲ್ಕನೇದೇ ಆದ್ರೂ ಆಗ್ಲಿ, ಗೊತ್ತಾಗ್ಲಿ. ಇದನ್ನ ಕಮ್ಮರಡಿ, ಶೃಂಗೇರಿ, ಎನ್.ಆರ್. ಪುರದ ಕಡೆ ಕೊನೆಗಾರರು ಇರೋ ಮನೆಮನೆಗೂ ಕಳಿಸಿ. ಪುಟ್ಟಕ್ಕನ ಫೋನಿಗೆ ಮಾತ್ರ ಬೇಡ. ಅವಳು ಕಾಯ್ತಾ ಕೂರೋದು ಬೇಡ.