ಕೌದಿಯ ಹೊಟ್ಟೆ

ಗುಡ್ಡದವ್ವನೆಂಬ ದೇವಿಗೆ ನಡೆದುಕೊಳ್ಳುವ ಒಂದು ಊರಿತ್ತು. ಗುಡ್ಡ ಮಾತ್ರ ಊರಿನಿಂದ ಬಹು ದೂರ. ಹಿಂದೆ ಬುತ್ತಿ ಕಟ್ಟಿಕೊಂಡು ನಡೆದುಹೋದವರು ತಿರುಗಿ ಬಂದಾಗ ಊರವರು ಅವರ ಕಾಲಿಗೆ ನೀರು ಕೊಟ್ಟು, ಕಟ್ಟೆಯ ಮೇಲೆ ಕೂರಿಸಿ, ಕಂಡದ್ದನ್ನೆಲ್ಲ ಕೇಳುತ್ತಿದ್ದರು. ಆ ಹಿರಿಯರು ಒಬ್ಬೊಬ್ಬರಾಗಿ ತೀರಿಹೋದರು. ಆಮೇಲೆ ಬಸ್ಸು ಬಂತು, ಮೊಬೈಲು ಬಂತು. ಯಾರೋ ಒಬ್ಬರು ಗುಡ್ಡದ ಮುಂದೆ ನಿಂತು ತೆಗೆದುಕೊಂಡ ಫೋಟೊ ಮನೆಮನೆಯ ಮೊಬೈಲಿಗೆ ಹೋಯಿತು. ಅದನ್ನು ಕಂಡವರೆಲ್ಲ ತಾವೂ ಹಾಗೆಯೇ ನಿಲ್ಲಬೇಕೆಂದು ಹೊರಟರು. ಬಸ್ಸು ನಿಲ್ಲುವ ಬಯಲಿನಿಂದಲೇ ಫೋಟೊ ಚೆನ್ನಾಗಿ ಬರುತ್ತಿದ್ದುದರಿಂದ ಹತ್ತುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಿಲ್ಲ. ತಾಯಿ ಗುಡ್ಡದ ಯಾವ ಭಾಗದಲ್ಲಿ ನೆಲೆಸಿದ್ದಾಳೆಂದು ಕೇಳದೆಯೇ ಕೈಮುಗಿದು ಹಿಂದಿರುಗುತ್ತಿದ್ದರು.

ಆ ಊರಿನಲ್ಲಿ ಸಾತವ್ವ ಎಂಬ ಮುದುಕಿ ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಮಗಳು ಹೆರಿಗೆಯಲ್ಲಿ ಸಾಯುವಂತಾದಾಗ, ಇವಳನ್ನು ಉಳಿಸಿಕೊಡು, ನಿನ್ನ ಗುಡ್ಡವನ್ನೇ ಕೌದಿಯಲ್ಲಿ ಹೊಲಿದು ನಿನ್ನ ಪಾದಕ್ಕೆ ಕಳಿಸುತ್ತೇನೆ ಎಂದು ಹರಕೆ ಹೊತ್ತಿದ್ದಳು. ಮಗಳು ಉಳಿದಳು. ಸಾತವ್ವನ ಕಾಲು ಬಿದ್ದುಹೋಗಿ ನಡೆಯಲಾಗುತ್ತಿರಲಿಲ್ಲ, ಕಣ್ಣೂ ಮಂಜಾಗುತ್ತಿತ್ತು. ಅದು ಪೂರ್ತಿ ಹೋಗುವ ಮೊದಲು ಹರಕೆ ತೀರಬೇಕೆಂಬುದೊಂದೇ ಅವಳ ಚಿಂತೆ.

ತಾನು ಕಾಣದ ಗುಡ್ಡವನ್ನು ಅವಳು ಜನರ ಫೋಟೊಗಳಲ್ಲಿ ಕಂಡಳು. ಅಷ್ಟರಮಟ್ಟಿಗೆ ಅವು ಉಪಕಾರವನ್ನೇ ಮಾಡಿದವು. ಹಸಿರು ಸೀರೆಯ ತುಂಡು ಇಳಿಜಾರಾಯಿತು, ಮಾಸಿದ ಧೋತರ ಮೋಡವಾಯಿತು, ಯಾರದೋ ಕುಪ್ಪಸದ ಕೆಂಪು ಮುಂಜಾನೆಯಾಯಿತು. ಅಲ್ಲಿಯ ಪದ್ಧತಿಯಂತೆ ಕೌದಿಯನ್ನು ಅಂಚಿನಿಂದ ಹೊಲಿಯುತ್ತ ಒಳಕ್ಕೆ ಬರಬೇಕು. ಕೊನೆಗೆ ನಡುವೆ ಉಳಿಯುವ ಜಾಗ ಅದರ ಹೊಟ್ಟೆ. ಅಲ್ಲಿ ನಾಲ್ಕು ಕಾಳು ಅಕ್ಕಿ ಇಟ್ಟು ಮುಚ್ಚಬೇಕು. ಹೊಟ್ಟೆ ತೆರೆದ ಕೌದಿಯನ್ನು ಮನುಷ್ಯರಿಗೇ ಕೊಡುವುದಿಲ್ಲ, ದೇವರಿಗೆ ಹೇಗೆ ಕೊಡುವುದು?

ಹೊಲಿಗೆ ನಡುವಿಗೆ ಬಂದಾಗ ಸೂಜಿ ನಿಂತಿತು. ಎಲ್ಲ ಫೋಟೊಗಳಲ್ಲೂ ಗುಡ್ಡದ ನಡುಭಾಗಕ್ಕೆ ಸರಿಯಾಗಿ ಒಂದು ಮುಖ ಅಡ್ಡವಿತ್ತು.

“ನಡುವ ಏನೈತಿ?” ಎಂದು ಹೋಗಿಬಂದವರನ್ನು ಕೇಳಿದಳು.

“ನಾನ ಅದೀನಲ್ಲಬೇ, ಕಾಣವಲ್ದೇನು?” ಎಂದು ನಕ್ಕರು.

ಕೊನೆಗೆ ಅಳಿಯ ಅಡಿವೆಪ್ಪನನ್ನು ಕಳಿಸಿದಳು. “ಗುಡ್ಡದ ಕಡೆ ಮುಖ ಮಾಡಿ ನಿಂತು ಕಣ್ಣಾಗ ತುಂಬ್ಕೊಂಡು ಬರ್ರಿ” ಎಂದಳು. ಅವನು ಹೋದ, ಬಂದ.

“ನೋಡಿದ್ರೇನು?”

“ನೋಡಿದೆ ಅತ್ತಿ. ಬಿಸಿಲಿಗೆ ಫೋಟೊ ಬೆಳ್ಳಗ ಬರಾಕತ್ತಿತ್ತು. ಅದು ಸರಿ ಆಗೂತನಕ ನೋಡ್ಕೋತ ನಿಂತೆ. ಅಷ್ಟರಾಗ ಬಸ್ಸು ಹೊಂಟಿತು.”

“ಹಂಗಾದ್ರ ಅಲ್ಲೆ ನಿಮ್ಮ ಮುಖಾನ ಹೊಲೀಲೇನು?”

“ಹೊಲಿದ್ರ ನಾ ಏನ್ ಬ್ಯಾಡ ಅನ್ನೂದಿಲ್ಲ” ಎಂದ ಅಡಿವೆಪ್ಪ.

ನಡು ತೆರೆದಿದ್ದ ಕೌದಿಯನ್ನು ಗಾಳಿಗೆಂದು ಚಾವಡಿಯ ಗೋಡೆಗೆ ತೂಗುಹಾಕಿದರು. ಒಬ್ಬನು ಆ ಖಾಲಿ ಜಾಗಕ್ಕೆ ಸರಿಯಾಗಿ ತಲೆಯಿಟ್ಟು ನಿಂತು ಫೋಟೊ ತೆಗೆಸಿಕೊಂಡ. ಗುಡ್ಡದ ಮುಂದೆ ನಿಂತದ್ದಕ್ಕಿಂತ ಅದು ಚೆಂದ ಬಂತು. ಆ ಫೋಟೊ ನೋಡಿ ಊರೂರಿನಿಂದ ಜನ ಬಂದರು. ಗುಡ್ಡಕ್ಕೆ ಹೋಗುವ ಬಸ್ಸು ಕೆಲವು ಕಾಲ ಖಾಲಿ ಓಡಿತು. ಆಮೇಲೆ ಈ ಊರಿನವರೆಗೆ ಮಾತ್ರ ಬಂದು ತಿರುಗತೊಡಗಿತು.

ಭಕ್ತರು ಯಾಕೆ ಬರುತ್ತಿಲ್ಲವೆಂದು ವಿಚಾರಿಸುತ್ತ ಗುಡ್ಡದ ಪೂಜಾರಿಯೇ ಒಂದು ದಿನ ಚಾವಡಿಗೆ ಬಂದರು. ಸಾತವ್ವ ತೆವಳಿಕೊಂಡು ಹೋಗಿ ಅವರ ಕಾಲು ಹಿಡಿದಳು.

“ದಿನಾ ನೋಡೋರು ನೀವು. ಗುಡ್ಡದ ನಡುವ ಏನೈತ್ರಿ, ಅಜ್ಜಾರ?”

“ಅಲ್ಲೇ ತಾಯಿ ಕುಂತಾಳವ್ವಾ” ಎಂದರು ಪೂಜಾರಿ. “ಒಂದು ಕರೀ ಗವಿ, ಅದರ ಬಾಯಾಗ ಕುಂಕುಮ ಮೆತ್ತಿದ ಕಲ್ಲು. ಕೆಳಗ ಬಯಲಾಗ ನಿಂತು ತಲಿ ಎತ್ತಿದ್ರ ಸಾಕು, ಕಾಣ್ತಾಳ.”

ಸಾತವ್ವ ಸ್ವಲ್ಪ ಹೊತ್ತು ಕೈಮುಗಿದು ಕೂತಳು. ಆಮೇಲೆ ಕರಿಯ ಕಂಬಳಿಯ ಒಂದು ತುಂಡನ್ನೂ ಕೆಂಪು ಖಣದ ಚೂರನ್ನೂ ಆರಿಸಿಕೊಂಡು, ಸೂಜಿಗೆ ದಾರ ಪೋಣಿಸಿಕೊಡಲು ಮಗಳನ್ನು ಕರೆದಳು. ಊರ ಹಿರಿಯರು ಅಡ್ಡ ಬಂದರು.

“ಸ್ವಲ್ಪ ತಡಿಯವ್ವಾ. ಅಲ್ಲೆ ತಾಯೀನ್ನ ಕುಂದ್ರಿಸಿದ್ರ, ಬಂದ ಮಂದಿ ಎಲ್ಲೆ ನಿಲ್ಲಬೇಕು?”

ಇದನ್ನು ಪೂಜಾರಿಯವರೇ ತೀರ್ಮಾನಿಸಲಿ ಎಂದು ಅವಳು ಅವರ ಕಡೆ ತಿರುಗಿದಳು. ಅವರು ಆಗಲೇ ಕೌದಿಗೆ ಬೆನ್ನು ಮಾಡಿ ನಿಂತು, ಹಣೆಯ ವಿಭೂತಿ ಸರಿಯಾಗಿ ಕಾಣುತ್ತದೆಯೇ ಎಂದು ಮೊಬೈಲು ಹಿಡಿದಿದ್ದ ಅಡಿವೆಪ್ಪನನ್ನು ಕೇಳುತ್ತಿದ್ದರು.