ಯಾರ ಹೆಸರು ಮೊದಲು

ಆಸ್ಪತ್ರೆಗಳು ಪುಕ್ಕಟೆಯಾಗಿ ಬಳಸುವ ಒಂದು ಸಾಫ್ಟ್‌ವೇರಿಗೆ ನಿವೃತ್ತ ಮೇಷ್ಟ್ರೊಬ್ಬರು ಯಜಮಾನರು. ಅದನ್ನು ಕಟ್ಟಿದವರು ಲೋಕದ ಮೂಲೆಮೂಲೆಯ ಜನ. ಸಂಬಳವಿಲ್ಲ, ಮುಖಪರಿಚಯವೂ ಇಲ್ಲ. ಅವತ್ತು ಬೆಳಿಗ್ಗೆ ಅವರಲ್ಲೊಬ್ಬ ಎಲ್ಲರಿಗೂ ಬರೆದ: ಪಾಸ್‌ವರ್ಡ್ ಖಾಲಿ ಬಿಟ್ಟರೆ ಸಾಕು, ಯಾರು ಬೇಕಾದರೂ ಒಳಗೆ ನುಗ್ಗಬಹುದು. ಮೇಷ್ಟ್ರ ಕಾಫಿ ಆರುವುದರೊಳಗೆ ಮೂವರು ಸೇರಿ ತೂತು ಮುಚ್ಚುವ ತೇಪೆ ಬರೆದು ಕಳಿಸಿದ್ದರು. ದುಡ್ಡು ತೆಗೆದುಕೊಳ್ಳುವ ಕಂಪನಿಗಳಾದರೆ ಇನ್ನೂ ಮೀಟಿಂಗಿಗೆ ಕೋಣೆ ಹುಡುಕುತ್ತಿದ್ದವು ಎಂದು ಮೇಷ್ಟ್ರು ಮೀಸೆಯಡಿ ನಕ್ಕರು.

ತೇಪೆ ಆಸ್ಪತ್ರೆಗಳಿಗೆ ತಲುಪಲು ಇನ್ನು ಮೇಷ್ಟ್ರು ಬಿಡುಗಡೆಯ ಗುಂಡಿ ಒತ್ತುವುದೊಂದೇ ಬಾಕಿ. ಆದರೆ ಅದರ ಜೊತೆ ಹೋಗುವ ಕೃತಜ್ಞತೆಯ ಸಾಲಿನಲ್ಲಿ ಯಾರ ಹೆಸರು ಮೊದಲು? ಕಂಡುಹಿಡಿದವನದೋ, ಮುಚ್ಚಿದವರದೋ? ಎಲ್ಲರೂ ಜುಟ್ಟು ಜುಟ್ಟು ಹಿಡಿದುಕೊಂಡರು.

"ಮೊದ್ಲು ಬಾಗಿಲು ಹಾಕಿ, ಆಮೇಲೆ ಜಗಳ ಆಡಿ," ಎಂದರು ಬಟ್ಟೆ ಮಡಚುತ್ತಿದ್ದ ಹೆಂಡತಿ.

"ನಿಂಗೆ ಗೊತ್ತಾಗಲ್ಲ, ಸುಮ್ನಿರು. ಇದು ಮರ್ಯಾದೆ ಪ್ರಶ್ನೆ."

'ಬಾವಲಿ' ಎಂಬ ಅಡ್ಡಹೆಸರಿನ ಹೊಸಬನೊಬ್ಬ ಮಾತ್ರ ಬೆಣ್ಣೆಯಿಂದ ಕೂದಲು ತೆಗೆದಂತೆ ಬರೆದ: "ಅವಸರ ಬೇಡ ಸಾರ್, ಯಾರಿಗೂ ಬೇಜಾರಾಗಬಾರದು. ಎಲ್ಲರನ್ನೂ ಒಂದ್ಸಲ ಕೇಳೋಣ."

ಕೇಳಿದರು. ಮಧ್ಯಾಹ್ನ ಕಳೆಯಿತು. ಸಂಜೆಗೆ, ಒಬ್ಬರಿಗೊಬ್ಬರು ಬಗ್ಗದವರೆಲ್ಲ ಆ ಸಹನೆಯನ್ನು ಮೆಚ್ಚಿ ಬಾವಲಿಯ ಹೆಸರನ್ನೇ ಮೊದಲಿಗೆ ಹಾಕಲು ಒಪ್ಪಿದರು. ಮೇಷ್ಟ್ರು ಗುಂಡಿ ಒತ್ತಿದರು.

ಮಾರನೆಯ ದಿನ ಒಂದು ಆಸ್ಪತ್ರೆಯಿಂದ ಫೋನ್ ಬಂತು. ಹಿಂದಿನ ದಿನ ಮಧ್ಯಾಹ್ನ ಅದೇ ತೂತಿನಿಂದ ಒಳಹೊಕ್ಕ ಕಳ್ಳನೊಬ್ಬ ರೋಗಿಗಳ ವಿವರವನ್ನೆಲ್ಲ ಗುಡಿಸಿಕೊಂಡು ಹೋಗಿದ್ದ. ಹೋಗುವಾಗ ಪರದೆಯ ಮೇಲೆ ಧೈರ್ಯವಾಗಿ ಹೆಸರನ್ನೂ ಬರೆದಿಟ್ಟಿದ್ದ: ಬಾವಲಿ.

ಫೋನ್ ಇಟ್ಟ ಗಂಡನ ಮುಖ ನೋಡಿದ ಹೆಂಡತಿಗೆ ಬಾಗಿಲಿನ ಕಥೆ ಅರ್ಥವಾಯಿತು. ಅವರು ಇನ್ನೊಂದನ್ನಷ್ಟೇ ಕೇಳಿದರು.

"ಕೊನೆಗೆ ಯಾರ ಹೆಸರು ಮೊದ್ಲು ಹಾಕಿದ್ರಿ?"